ಗುಮ್ಮನ ಕರೆಂಟು

ಮುಂಡಾಜೆಯ ಮಳೆಗಾಲದ ಸಂಜೆಗೆ ಹೆಚ್ಚು ಸಾಮಗ್ರಿ ಬೇಡ. ಚಾರ್ಮಾಡಿ ಕಡೆಯಿಂದ ಒಂದು ಗಾಳಿ, ತಂತಿಯ ಮೇಲೊಂದು ಅಡಿಕೆ ಮರ, ಅಲ್ಲಿಗೆ ಕರೆಂಟಿನ ಕತೆ ಮುಗಿಯಿತು. ಅಂಥದ್ದೇ ಸಂಜೆ, ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ‘ಮಾನ್‌ಸ್ಟರ್ಸ್ ಇಂಕ್’ ಹಾಕಿ, "ಹೆದರ್ಬೇಡಿ ಅಜ್ಜ, ನಾನಿದ್ದೇನೆ" ಎಂದಳು.

2001ರ ಪಿಕ್ಸಾರ್ ಸಿನಿಮಾ. ನಿರ್ದೇಶಕರ ಹೆಸರು ಪೀಟ್ ಡಾಕ್ಟರ್. ಹೆದರಿಕೆಗೆ ಅವರಲ್ಲಿ ಡಾಕ್ಟರು, ನಮ್ಮಲ್ಲಿ ಮಂತ್ರಿಸಿದ ನೂಲು. ಅದರಲ್ಲಿನ ಕೋಡಿರುವ ನೀಲಿ ಗುಮ್ಮ ಸಲ್ಲಿಗೆ 23 ಲಕ್ಷಕ್ಕೂ ಮಿಕ್ಕಿ ರೋಮಗಳಂತೆ. ಮೊಮ್ಮಗಳು ಒಮ್ಮೆ ಅವನನ್ನು, ಒಮ್ಮೆ ನನ್ನ ತಲೆಯನ್ನು ನೋಡಿದಳು. ಏನೂ ಹೇಳಲಿಲ್ಲ, ಅಷ್ಟು ಸಂಸ್ಕಾರ ಉಂಟು.

ಈ ಗುಮ್ಮಗಳದ್ದು ಪಾಳಿಯ ಕೆಲಸ. ಕಪಾಟಿನ ಬಾಗಿಲಿನಿಂದ ಮಕ್ಕಳ ಕೋಣೆಗೆ ನುಗ್ಗುವುದು, ಹೆದರಿಸುವುದು, ಕಿರುಚಾಟವನ್ನು ಸಿಲಿಂಡರಿಗೆ ತುಂಬಿಸುವುದು. ಅದರಿಂದಲೇ ಅವರ ಊರಿಗೆ ಕರೆಂಟು. ಈಗಿನ ಮಕ್ಕಳು ಹೆದರುವುದಿಲ್ಲವಾದ್ದರಿಂದ ಕರೆಂಟಿಗೆ ಬರ. ನಮ್ಮಜ್ಜಿಯದ್ದೂ ಇದೇ ದೂರು. ಆದರೆ ಅಜ್ಜಿ ಗುಮ್ಮನಿಂದ ಕರೆಂಟು ತೆಗೆಯಲಿಲ್ಲ, ಅವನ ಹೆಸರಲ್ಲಿ ಎರಡು ತುತ್ತು ಹೆಚ್ಚು ಗಂಜಿ ಉಣಿಸಿದಳು.

ನನ್ನ ಕಿರುಚಾಟ ಯಾರಾದರೂ ಸಿಲಿಂಡರಿಗೆ ತುಂಬಿಸಿದ್ದರೆ ಮುಂಡಾಜೆಯಿಂದ ಉಜಿರೆವರೆಗೆ ದೀಪ ಉರಿಯುತ್ತಿತ್ತು. ಚಿಕ್ಕಂದಿನ ಮಾತು, ದೇವಿಮಹಾತ್ಮೆ ಯಕ್ಷಗಾನದ ಆಟ. ನಡುರಾತ್ರಿ ಕಳೆದಿದೆ, ಅಮ್ಮನ ಸೆರಗಿನೊಳಗೆ ಅರೆನಿದ್ದೆ. ಮಹಿಷಾಸುರ ರಂಗಸ್ಥಳದ ಕಡೆಯಿಂದ ಬಂದರೆ ತಪ್ಪಿಸಿಕೊಳ್ಳಬಹುದಿತ್ತು. ಆ ಮಹಾರಾಯ ಬರುವುದು ನಮ್ಮ ಬೆನ್ನ ಹಿಂದಿನಿಂದ! ಎರಡು ಕೋಡು, ಎರಡೂ ಬದಿಗೆ ದೊಂದಿ, ರಾಳದ ಪುಡಿ ಎರಚಿದಾಗ ಭುಗ್ಗೆಂದೇಳುವ ಬೆಂಕಿ, ಕಿವಿ ಒಡೆಯುವ ಚೆಂಡೆ, ಅದರ ಮೇಲೆ ಅವನ ಅಬ್ಬರ. ಚಾಪೆ ಒದ್ದೆಯಾದದ್ದು ಇಬ್ಬನಿಯಿಂದ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಬೆಳಿಗ್ಗೆ ವೇಷ ಕಟ್ಟುವ ಚೌಕಿಗೆ ಇಣುಕಿದರೆ ಅದೇ ಮಹಿಷಾಸುರ ಕೋಡು ಬಿಚ್ಚಿಟ್ಟು, ಅಕ್ಕಿಹಿಟ್ಟಿನ ಚುಟ್ಟಿಯನ್ನು ಎಣ್ಣೆ ಹಾಕಿ ಕೀಳುತ್ತಿದ್ದ. ಅರ್ಧ ಮುಖ ರಾಕ್ಷಸ, ಇನ್ನರ್ಧ ಪಕ್ಕದ ಮನೆಯ ಮಾವ. "ಹೆದರಿದೆಯಾ ಮಗಾ?" ಎಂದ. "ಇಲ್ಲ" ಎಂದೆ. ಪಾಪ, ಮುಖ ಸಣ್ಣಗೆ ಮಾಡಿಕೊಂಡ. ರಾತ್ರಿಯಿಡೀ ದುಡಿದವನಿಗೆ ಸುಳ್ಳು ಹೇಳಬಾರದಿತ್ತು.

ಸಿನಿಮಾದ ಕೊನೆಗೆ, ನಗುವಿನಲ್ಲಿ ಕಿರುಚಾಟದ ಹತ್ತು ಪಟ್ಟು ಶಕ್ತಿ ಇದೆಯೆಂದು ಗುಮ್ಮಗಳಿಗೆ ಗೊತ್ತಾಗುತ್ತದಂತೆ. ‘ಅಂತೆ’ ಯಾಕೆಂದರೆ ಅಷ್ಟರಲ್ಲಿ ಲ್ಯಾಪ್‌ಟಾಪಿನ ಚಾರ್ಜೂ ಮುಗಿದು, ಉಳಿದ ಕತೆಯನ್ನು ಅವಳೇ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಕತ್ತಲಲ್ಲಿ ನನ್ನ ಮಡಿಲಿಗೆ ಸರಿದಳು. ನನ್ನ ಮಹಿಷಾಸುರನ ಕತೆ ಅವಳಿಗೂ ಗೊತ್ತು.

"ಅಜ್ಜ, ಮಹಿಷಾಸುರ ಈಗ ಬರ್ತಾನಾ?"

"ಇಲ್ಲ ಮಗಾ. ಪತ್ತನಾಜೆಗೆ ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ್ದಾನೆ. ಇನ್ನು ದೀಪಾವಳಿ ಕಳೆದ ಮೇಲೆಯೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕರೆಂಟೂ ಆಗಲೇ ಬರುವುದಾ?"