ಹಾಲಿನ ಲೆಕ್ಕದ ಆ್ಯಪು

ನಮ್ಮ ಮನೆಯ ಹಾಲಿನ ಲೆಕ್ಕ ಇದ್ದದ್ದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ಹಾಲು ಬಂದ ದಿನ ಟಿಕ್ಕು, ಬರದ ದಿನ ಸೊನ್ನೆ. ಇದಕ್ಕೊಂದು ಆ್ಯಪು ಮಾಡಿಕೊಡುತ್ತೇನೆ ಎಂದು ನಾನು ಹೆಂಡತಿಗೆ ಮಾತು ಕೊಟ್ಟಾಗ ಮಗಳಿನ್ನೂ ಹುಟ್ಟಿರಲಿಲ್ಲ. ಅವಳೀಗ ಹೈಸ್ಕೂಲು.

ಹಾಗಂತ ನಾನು ಕೈಕಟ್ಟಿ ಕೂತವನಲ್ಲ. ವೆಬ್ ಪುಟ ಕಟ್ಟುವ ಜೆಕ್ವೆರಿ ಎಂಬ ಸಲಕರಣೆಯಲ್ಲಿ ಶುರು ಮಾಡಿದ್ದೆ. ಅಷ್ಟರಲ್ಲಿ, 2013ರಲ್ಲಿ, ಫೇಸ್‌ಬುಕ್ಕಿನವರು ರಿಯಾಕ್ಟ್ ಎಂಬ ತಮ್ಮ ಸಲಕರಣೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಹಳೇ ಜೆಕ್ವೆರಿಯಲ್ಲಿ ಹಾಲಿನ ಲೆಕ್ಕ ಬರೆದರೆ ನೋಡಿದವರು ಏನಂದಾರು? ಕಿತ್ತುಹಾಕಿ ರಿಯಾಕ್ಟ್ ಹಿಡಿದೆ. ಆ ಕೋಡನ್ನೆಲ್ಲ ಕಟ್ಟಿ ಒಟ್ಟುಮಾಡಲು ಮೊದಲು ಗ್ರಂಟ್ ತಂದೆ, ಆಮೇಲೆ ಗಲ್ಪ್, ಆಮೇಲೆ ವೆಬ್‌ಪ್ಯಾಕ್, ಈಗ ವೀಟ್. ಪ್ರತಿ ಸಲವೂ ಕಾನ್ಫಿಗ್ ಫೈಲು ಹದಕ್ಕೆ ಬರುವ ಹೊತ್ತಿಗೆ ಇನ್ನೊಂದು ಬಂದಿರುತ್ತಿತ್ತು. ಹಾಲಿನ ಬಗ್ಗೆ ಒಂದೇ ಒಂದು ಸಾಲು ಬರೆಯಲು ಪುರುಸೊತ್ತಾಗಿರಲಿಲ್ಲ, ಅಷ್ಟೆ.

ಒಂದು ದಿನ ಮಗಳ ಫೋಟೋ ಹಾಕಲು ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ ಎಂದು ಹೆಂಡತಿ ತಡಕಾಡಿದಾಗ ಸಿಕ್ಕಿದ್ದು ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರು.

“ರೀ, ಇದರೊಳಗೆ ಏನಿದೆ?”

“ಬೇರೆಯವರು ಬರೆದಿರೋ ಕೋಡು.”

“ಯಾರು ಅವರು?”

“ಗೊತ್ತಿಲ್ಲ.”

“ಗೊತ್ತಿಲ್ಲದೋರನ್ನೆಲ್ಲ ಮನೆಯೊಳಗೆ ಬಿಟ್ಕೊಂಡಿದೀರಾ?”

ನಾನು ಲೆಫ್ಟ್‌ಪ್ಯಾಡಿನ ಕಥೆ ಹೇಳಿದೆ. ಹೇಳಬಾರದಿತ್ತೇನೋ. ಅಕ್ಷರಗಳ ಎಡಗಡೆಗೆ ಸೊನ್ನೆಯನ್ನೋ ಖಾಲಿ ಜಾಗವನ್ನೋ ತುಂಬುವ 11 ಸಾಲಿನ ಪುಟ್ಟ ಪ್ಯಾಕೇಜು ಅದು. 2016ರ ಮಾರ್ಚಿನಲ್ಲಿ ಇನ್ನೊಂದು ಪ್ಯಾಕೇಜಿನ ಹೆಸರಿಗಾಗಿ ಜಗಳವಾಗಿ, ಬರೆದಾತ ಸಿಟ್ಟಿನಿಂದ ತನ್ನದೆಲ್ಲವನ್ನೂ ಎನ್‌ಪಿಎಮ್ ಎಂಬ ಪ್ಯಾಕೇಜುಗಳ ಉಗ್ರಾಣದಿಂದ ವಾಪಸ್ ತೆಗೆದುಕೊಂಡ. ಜಗತ್ತಿನಾದ್ಯಂತ ಎಷ್ಟೋ ಪ್ರಾಜೆಕ್ಟುಗಳು ಅಲ್ಲಲ್ಲೇ ಮುಗ್ಗರಿಸಿದವು.

“ಎಡಗಡೆ ಸೊನ್ನೆ ಹಾಕಿದ್ರೆ ಬೆಲೆ ಏನೂ ಬದಲಾಗಲ್ವಲ್ರೀ? ಅದಕ್ಕೂ ಬೇರೆಯವರು ಬೇಕಾ?”

2025ರ ಸೆಪ್ಟೆಂಬರಿನಲ್ಲಿ ಅದೇ ಎನ್‌ಪಿಎಮ್‌ನಲ್ಲಿ ಶಾಯ್-ಹುಲೂದ್ ಎಂಬ ಹುಳ ಹೊಕ್ಕು, ಡೆವಲಪರುಗಳ ಗುಟ್ಟಿನ ಕೀಲಿಗಳನ್ನು ಕದ್ದು, ಅವರದೇ ಹೆಸರಿನಲ್ಲಿ ಬೇರೆ ಪ್ಯಾಕೇಜುಗಳಿಗೂ ಹರಡಿತು. ಆ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿಲ್ಲ. ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಕಟ್ಟಿದ ರಯಾನ್ ಡಾಲ್ ಅವರೇ 2018ರಲ್ಲಿ ಬರ್ಲಿನ್ನಿನ ವೇದಿಕೆ ಮೇಲೆ ನಿಂತು, ತಾನು ಪಶ್ಚಾತ್ತಾಪ ಪಡುವ ಸಂಗತಿಗಳಲ್ಲಿ ಆ ಫೋಲ್ಡರೂ ಒಂದು ಎಂದು ಹೇಳಿ ಡೀನೋ ಎಂಬ ಹೊಸದನ್ನು ತೋರಿಸಿದರು ಎಂಬುದನ್ನು ಮಾತ್ರ ಹೇಳಿದೆ. ಹೇಳಿ, ಅವತ್ತು ರಾತ್ರಿಯೇ ಆ್ಯಪನ್ನು ಡೀನೋಗೆ ಸಾಗಿಸತೊಡಗಿದೆ.

ಅಷ್ಟರಲ್ಲಿ ಕೊನೆಗೂ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ ಹಾಲಿಗೆ ಮೂರು ಸ್ಥಿತಿ ಬರೆದಿದ್ದೆ: ಬಂತು, ಬರಲಿಲ್ಲ, ಒಡೆದಿತ್ತು. ಮೈಕ್ರೋಸಾಫ್ಟಿನವರು ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಗೋ ಭಾಷೆಗೆ ತಂದು ಹತ್ತು ಪಟ್ಟು ಚುರುಕು ಮಾಡುತ್ತಿದ್ದೇವೆಂದು 2025ರಲ್ಲಿ ಪ್ರಕಟಿಸಿದಾಗ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

“ಹಾಲು ಹತ್ತು ಪಟ್ಟು ಬೇಗ ಬರುತ್ತೇನೋ?” ಎಂದರು ಅಮ್ಮ.

ಅದೇ ವರ್ಷ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೇ ಕಾರ್ಪಾಥಿ ಹೊಸ ಬಗೆಯ ಕೋಡಿಂಗಿಗೆ ‘ವೈಬ್ ಕೋಡಿಂಗ್’ ಎಂಬ ಹೆಸರಿಟ್ಟರು. ಬೇಕಾದ್ದನ್ನು ಎಐಗೆ ಬಾಯಲ್ಲಿ ಹೇಳುವುದು, ಅದು ಬರೆದ ಕೋಡನ್ನು ಓದದೆಯೇ ಒಪ್ಪಿಕೊಳ್ಳುವುದು. ಇದು ನಮ್ಮ ಕಸುಬಿಗೆ ಎಂಥ ಗಂಡಾಂತರ ಎಂದು ನಾನು ಊಟಕ್ಕೆ ಕೂತು ಬಹಳ ಹೊತ್ತು ಭಾಷಣ ಮಾಡಿದೆ. ಹೆಂಡತಿ ತುಂಬ ಗಮನವಿಟ್ಟು ಕೇಳಿದಳು. ಅಷ್ಟು ಗಮನ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರನೆಯ ಬೆಳಿಗ್ಗೆ ಕುಕ್ಕರಿಟ್ಟು ಫೋನು ಹಿಡಿದಳು. “ದಿನಾ ಒಂದು ಲೀಟರು. ಬರದಿದ್ದ ದಿನ ಕಳೀಬೇಕು. ಏಕಾದಶಿ ದಿನ ಅತ್ತೆಗೆ ಅರ್ಧ ಲೀಟರು ಜಾಸ್ತಿ.” ಮೂರನೇ ಸೀಟಿಗೆ ಪುಟ ಸಿದ್ಧ. ಒಂದೇ ಫೈಲು. ರಿಯಾಕ್ಟಿಲ್ಲ, ವೀಟಿಲ್ಲ, ಅಪರಿಚಿತರು ಯಾರೂ ಇಲ್ಲ.

ನಾನು ಕನ್ನಡಕ ಹಾಕಿಕೊಂಡು ರಿವ್ಯೂಗೆ ಕೂತೆ. ಟೆಸ್ಟುಗಳಿಲ್ಲ ಎಂದೆ. ವೇರಿಯಬಲ್ಲುಗಳ ಹೆಸರು ಚೆನ್ನಾಗಿಲ್ಲ ಎಂದೆ. ನಾಳೆ ಹತ್ತು ಲಕ್ಷ ಜನ ಒಟ್ಟಿಗೆ ಬಂದರೆ ತಡೆಯುವುದಿಲ್ಲ ಎಂದೆ.

“ಲೆಕ್ಕ ಸರಿ ಇದೆಯಾ?”

ಇತ್ತು. ಬೇರೆ ದಾರಿ ಕಾಣದೆ, ಗುಂಡಿ ನಟ್ಟನಡುವೆ ಇಲ್ಲ ಎಂದೆ.

“ಅದನ್ನ ನೀವು ಸರಿಮಾಡಿ.”

ಪುಟದ ಮೇಲೆ ಒಂದು ವಸ್ತುವನ್ನು ಮೇಲಿಂದಲೂ ಕೆಳಗಿಂದಲೂ ಸಮವಾಗಿ ನಡುವೆ ನಿಲ್ಲಿಸುವುದು ನಮ್ಮ ಜಾತಿಯವರ ಹಳೇ ಗೋಳು. 2024ರಿಂದ ಮುಖ್ಯ ಬ್ರೌಸರುಗಳೆಲ್ಲ ಅದಕ್ಕೆ ಒಂದೇ ಸಾಲು ಸಾಕೆನ್ನುತ್ತವೆ. ನಾನು ಸಂಜೆವರೆಗೆ ಕೂತೆ. ಅಷ್ಟರಲ್ಲಿ ಮೇಲಿನ ಮನೆಯವರಿಗೂ ಎದುರು ಮನೆಯವರಿಗೂ ಆ ಆ್ಯಪು ತಲುಪಿ, ಅವರ ದೂರುಗಳು ಚೀಟಿಗಳಾಗಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟತೊಡಗಿದವು. ಎಲ್ಲದರ ಮೇಲೂ ನನ್ನ ಹೆಸರು.

ಈಗ ದಿನಾ ಬೆಳಿಗ್ಗೆ ಒಲೆಯ ಮುಂದೆ, ಆಫೀಸಿನ ಹಾಗೆಯೇ, ಸ್ಟ್ಯಾಂಡಪ್ಪು ಮೀಟಿಂಗು. ಸೌಟು ಹಿಡಿದು ಹೆಂಡತಿ ಕೇಳುತ್ತಾಳೆ: “ನಿನ್ನೆ ಏನ್ ಮಾಡಿದ್ರಿ? ಇವತ್ತೇನ್ ಮಾಡ್ತೀರಿ? ಏನಾದ್ರೂ ಅಡ್ಡಿ ಇದೆಯಾ?”

“ಆ ಗುಂಡಿಯನ್ನ ರಿಯಾಕ್ಟಲ್ಲಿ ಬರೆದಿದ್ರೆ...” ಎಂದು ಶುರುಮಾಡಿದೆ.

ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮ ತಲೆಯೆತ್ತಿದರು. “ಇವನನ್ನ ಪರ್ಮನೆಂಟ್ ಮಾಡಿದೀಯೇನೇ?”

“ಇಲ್ಲ ಅತ್ತೆ, ಇನ್ನೂ ಪ್ರೊಬೇಷನ್ನು.”