ಹಿಂಭಾರದ ಸಂಸಾರ

ಅಮೆರಿಕಕ್ಕೆ ಬಂದ ಕನ್ನಡಿಗ ಮೊದಲು ಕಾರು ಕೊಳ್ಳುತ್ತಾನೆ. ಆಮೇಲೆ ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಳ್ಳುತ್ತಾನೆ. ಸಾಲ ಕಾಲುಭಾಗವೂ ತೀರುವ ಮೊದಲೇ ಆ ಮನೆ ಬೇಜಾರಾಗಿ, ಚಕ್ರವಿರುವ ಇನ್ನೊಂದು ಮನೆ ಕೊಂಡು, ಅದನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಕಾಡಿಗೆ ಹೊರಡುತ್ತಾನೆ. ಕೊರೋನಾ ಕಾಲದಲ್ಲಿ ವಿಮಾನವೂ ಬೇಡ, ಹೋಟೆಲೂ ಬೇಡ ಎಂದು ಜನ ಮುಗಿಬಿದ್ದು, 2021ರ ಒಂದೇ ವರ್ಷದಲ್ಲಿ ಆರು ಲಕ್ಷ ಚಕ್ರದ ಮನೆಗಳು, ಅಂದರೆ ಆರ್‌ವಿಗಳು ಕಾರ್ಖಾನೆಗಳಿಂದ ಹೊರಬಿದ್ದವು. ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ. ಕೊಂಡವರಲ್ಲಿ ಎಷ್ಟೋ ಜನರಿಗೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಹುಚ್ಚು ಇಳಿಯಿತು. ಹಾಗೆ ಇಳಿದವರೊಬ್ಬರಿಂದ ನಮ್ಮನೆಯವರು 22 ಅಡಿಯ ಟ್ರೇಲರ್ ಕೊಂಡು ತಂದರು. ಬಹಳ ಅಗ್ಗ ಎಂದರು. ಅದನ್ನು ಎಳೆಯುವುದಕ್ಕೆ ಆಮೇಲೆ ಕೊಂಡ ಟ್ರಕ್ಕಿನ ಬೆಲೆ ಮಾತ್ರ ಇವತ್ತಿನವರೆಗೂ ಅವರ ಬಾಯಲ್ಲಿ ಬಂದಿಲ್ಲ.

ತಿಪಟೂರಿನಿಂದ ಅತ್ತೆ ಮಾವ ಆರು ತಿಂಗಳಿಗೆಂದು ಬಂದಿದ್ದರು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದಾಯಿತು. ಅಲ್ಲಿನ ಅಪ್ಪರ್ ಪೈನ್ಸ್ ಬಿಡಾರದಲ್ಲಿ 24 ಅಡಿಗಿಂತ ಉದ್ದದ ಟ್ರೇಲರಿಗೆ ಪ್ರವೇಶವಿಲ್ಲ, ನಮ್ಮದು ಲಾಯಕ್ಕಾಗಿತ್ತು. ತಿಂಗಳ ಹದಿನೈದನೇ ತಾರೀಕು ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಐದು ತಿಂಗಳ ಮುಂಚಿತವಾಗಿ ಬುಕಿಂಗ್ ತೆರೆಯುತ್ತದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿದ್ದಾಗ ತತ್ಕಾಲ್ ಟಿಕೆಟ್ಟಿಗೆ ಪಳಗಿದ್ದ ಇವರ ಬೆರಳು ಇಲ್ಲಿಯೂ ಕೈಕೊಡಲಿಲ್ಲ.

ಟ್ರೇಲರಿನ ಒಳಗಿನ ಕಾರುಬಾರನ್ನು ಅತ್ತೆ ವಹಿಸಿಕೊಂಡರು. ಮೈಕ್ರೋವೇವ್ ಮೇಲೆ ವೆಂಕಟರಮಣನ ಫೋಟೋ, ಅದರ ಕೆಳಗೆ ಕುಕ್ಕರು, ಕಾವಲಿ, ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟು. ಅಕ್ಕಿಯ ಮೂಟೆ, ಕೂಲರು, ಹೊರಗಿನ ಒಲೆ, ಗ್ಯಾಸಿನ ಸಿಲಿಂಡರು ಟ್ರಕ್ಕಿನ ಹಿಂಭಾಗದಲ್ಲಿ ಹೇರಿಕೊಂಡವು. ಎಲ್ಲ ಮುಗಿಯಿತು ಎನ್ನುವಾಗ ಮಗಳು ಕೇಳಿದಳು, "ನಮ್ಮ ಸೈಕಲ್ಸ್ ಎಲ್ಲಿ ಇಡ್ತೀರಾ?"

ಯೊಸೆಮಿಟಿ ಕಣಿವೆಯಲ್ಲಿ ಸೈಕಲಿಗೆಂದೇ ಡಾಂಬರು ಹಾಕಿದ ದಾರಿ 12 ಮೈಲಿಗೂ ಹೆಚ್ಚಿದೆ. ಕಾರು ನಿಲ್ಲಿಸಲು ಜಾಗ ಸಿಗದೆ ಜನ ಬೆವರುತ್ತಿರುವಾಗ ಸೈಕಲಿನವರು ನಗುತ್ತ ಸಾಗುತ್ತಾರೆ. ಹಾಗಾಗಿ ಸೈಕಲ್ ಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಮಕ್ಕಳಿಬ್ಬರದು, ನನ್ನದೊಂದು, ಜೊತೆಗೆ ಇವರ ಬ್ಯಾಟರಿ ಸೈಕಲ್ಲು. ಈ ಕೊನೆಯದು 65 ಪೌಂಡ್, ಅಂದರೆ ಮೂವತ್ತು ಕಿಲೋ ಹತ್ತಿರ. ಡಾಕ್ಟರು ವ್ಯಾಯಾಮ ಮಾಡಿ ಎಂದಾಗ ಇವರು ಕೊಂಡ ಸೈಕಲ್ಲು ಅದು. ಪೆಡಲ್ ತುಳಿಯುವ ಕಷ್ಟವಿಲ್ಲ.

ಸಂಜೆ ಕನ್ನಡ ಕೂಟದ ಗೆಳೆಯರು ಕಾಫಿಗೆ ಬಂದರು. ಅಮೆರಿಕದಲ್ಲಿ ಸಲಹೆಗೆ ಗಂಟೆಗಿಷ್ಟು ಡಾಲರ್ ಎಂದು ದರ ಇದೆ. ನಮ್ಮವರಲ್ಲಿ ಎರಡು ನಿಪ್ಪಟ್ಟಿಗೆ ಧಾರಾಳವಾಗಿ ಸಿಗುತ್ತದೆ. ಒಬ್ಬರು, "ನನ್ನ ಕ್ಯಾಮ್ರಿಗೆ ಹಾಕೋ ರ‍್ಯಾಕ್ ಇದೆ, ತಗೊಂಡ್ಹೋಗಿ, ಒಂದು ದಿನ ತೊಂದರೆ ಕೊಟ್ಟಿಲ್ಲ" ಎಂದರು. ಮತ್ತೊಬ್ಬರು ಟ್ರೇಲರಿನ ಬೆನ್ನಿಗಿರುವ ಏಣಿಗೇ ಕಟ್ಟಿಬಿಡಿ ಎಂದರು. ಆ ಏಣಿಯನ್ನು ತೆಳ್ಳನೆಯ ಫೈಬರ್ ಗೋಡೆಗೆ ನಾಲ್ಕು ಸ್ಕ್ರೂ ಬಿಗಿದು ನಿಲ್ಲಿಸಿರುತ್ತಾರೆ. ಮನುಷ್ಯ ಹತ್ತಿ ಇಳಿಯುವುದಕ್ಕೆ ಸರಿ. ಮೂವತ್ತು ಕಿಲೋದ ಸೈಕಲ್ಲು ದಿನವಿಡೀ ಜೋತಾಡಿದರೆ ಏಣಿಯ ಜೊತೆ ಗೋಡೆಯೂ ಬರುತ್ತದೆ. ಮೂರನೆಯವರು ಏನೂ ಹೇಳದೆ ನಾಲ್ಕನೆಯ ನಿಪ್ಪಟ್ಟು ತೆಗೆದುಕೊಂಡರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಕ್ಯಾಮ್ರಿಯ ರ‍್ಯಾಕ್ ಯಾಕಾಗುವುದಿಲ್ಲ ಎಂಬುದು ಅದರ ಪುಸ್ತಕದಲ್ಲೇ ಇತ್ತು. ಇಂಥ ಪುಸ್ತಕ ಓದುವುದು ನಮ್ಮ ಮನೆಯಲ್ಲಿ ನಾನೊಬ್ಬಳೇ. ಇವರು ಹದಿನೆಂಟು ವರ್ಷದಿಂದ ಸಾಫ್ಟ್‌ವೇರಿಗೆ ಕೈಪಿಡಿ ಬರೆಸುವ ಕೆಲಸದಲ್ಲಿದ್ದು, ಅದನ್ನು ಯಾರೂ ಓದುವುದಿಲ್ಲ ಎಂದು ಬಲ್ಲವರು. ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಆರ್‌ವಿಗೂ ಟ್ರೇಲರಿಗೂ ಬಳಸಕೂಡದು, ಬಳಸಿದರೆ ಗ್ಯಾರಂಟಿ ಇಲ್ಲ ಎಂದಿತ್ತು. ಕಾರಿನಲ್ಲಿ ಹಿಂದಿನ ಚಕ್ರಕ್ಕೂ ರ‍್ಯಾಕಿಗೂ ಹೆಚ್ಚು ದೂರವಿಲ್ಲ. ಟ್ರೇಲರಿನ ಬಾಲ ಹಾಗಲ್ಲ, ಅಚ್ಚಿನಿಂದ ಎಂಟು ಅಡಿ ಆಚೆಗಿರುತ್ತದೆ. ಚಕ್ರ ಗುಂಡಿಗೆ ಬಿದ್ದು ಒಂದಿಷ್ಟು ಎದ್ದರೆ ಬಾಲ ಅದಕ್ಕಿಂತ ಹೆಚ್ಚು ಎದ್ದು ಕುಕ್ಕರಿಸುತ್ತದೆ. ಪ್ರತಿ ಕುಕ್ಕಿಗೂ ಸೈಕಲಿನ ತೂಕ ತನ್ನ ನಿಜವಾದ ತೂಕದ ಹಲವು ಪಟ್ಟಾಗಿ ಕಬ್ಬಿಣವನ್ನು ಬಗ್ಗಿಸುತ್ತದೆ. ಆರ್‌ವಿಗೆಂದೇ ಮಾಡಿದ ಗಟ್ಟಿ ರ‍್ಯಾಕುಗಳಲ್ಲೂ ಕಾರಿಗೆ ಇಷ್ಟು ತೂಕ, ಆರ್‌ವಿಗೆ ಅದಕ್ಕಿಂತ ಕಡಿಮೆ ಎಂದು ಬೇರೆ ಬೇರೆ ಬರೆದಿರುವುದು ಇದಕ್ಕೇ. ತನ್ನದೇ ಎಂಜಿನ್ ಇರುವ ಮೋಟರ್‌ಹೋಮ್ ಆದರೆ ಹೊಗೆಕೊಳವೆಯ ಬಾಯಿಗೆ ಟೈರು ಬಂದು ಕರಗುವ ಭಯ ಬೇರೆ. ಇನ್ನು ನಂಬರ್ ಪ್ಲೇಟು, ಹಿಂದಿನ ದೀಪ ಮರೆಯಾದರೆ ಪೊಲೀಸರು ಚೀಟಿ ಹರಿಯುತ್ತಾರೆ. ಅವರಿಗೆ ನಿಪ್ಪಟ್ಟು ಕೊಟ್ಟು ಉಪಯೋಗವಿಲ್ಲ.

ಇವರು ಸೋಲೊಪ್ಪುವವರಲ್ಲ. "ಬಂಪರ್ ಇದೆಯಲ್ಲ, ಉಕ್ಕು!" ಎಂದು ಹೊಸ ರ‍್ಯಾಕೊಂದನ್ನು ತರಿಸಿ ಅಲ್ಲಿಗೆ ಬಿಗಿಯಲು ಕೂತರು. ಟ್ರೇಲರಿನ ಬಂಪರ್ ಎಂದರೆ ನಾಲ್ಕು ಇಂಚು ಚೌಕದ ಟೊಳ್ಳು ಕೊಳವೆ, ಎರಡು ತುದಿಯಲ್ಲಿ ವೆಲ್ಡಿಂಗ್ ಅಷ್ಟೇ. ಟೊಳ್ಳಾಗಿರುವುದಕ್ಕೆ ಕಾರಣವೂ ಇದೆ. ಅತ್ತೆ ಬಂದು ನೋಡುವ ಹೊತ್ತಿಗೆ ಇವರು ಬಂಪರಿನ ಮುಚ್ಚಳ ತೆಗೆದು ಒಳಗಿನಿಂದ ಕಂದುಬಣ್ಣದ ಉದ್ದನೆಯ ಪೈಪು ಎಳೆಯುತ್ತಿದ್ದರು.

"ಏನೋ ಅದು?"

"ಕಕ್ಕಸಿನ ಟ್ಯಾಂಕ್ ಖಾಲಿ ಮಾಡೋ ಪೈಪಮ್ಮ. ಇಲ್ಲೇ ಇಡೋದು."

"ಅದರ ಮೇಲೆ ಮಕ್ಕಳ ಸೈಕಲ್ ಕಟ್ತೀಯಾ?"

"ಅಮ್ಮಾ, ಪೈಪು ಒಳಗಿರತ್ತೆ, ಸೈಕಲ್ ಹೊರಗಿರತ್ತೆ."

"ಒಳಗಿದ್ರೇನು, ಹೊರಗಿದ್ರೇನು? ತಗಲ್ಕೊಂಡೇ ಇರತ್ತಲ್ಲ!"

ಅತ್ತೆಯ ಆಕ್ಷೇಪ ಮಡಿಯದು. ಆದರೆ ಟ್ರೇಲರಿನ ಪುಸ್ತಕವೂ ಬಂಪರಿಗೆ ಏನನ್ನೂ ನೇತುಹಾಕಬೇಡಿ ಎಂದೇ ಹೇಳುತ್ತಿತ್ತು. ವೆಲ್ಡಿಂಗ್ ಬಿಟ್ಟುಕೊಂಡು ಬಂಪರು, ರ‍್ಯಾಕು, ಸೈಕಲ್ಲು, ಪೈಪು ಎಲ್ಲವೂ ಒಟ್ಟಿಗೆ ಹೆದ್ದಾರಿಯ ಪಾಲಾಗುವುದುಂಟು. ಮಡಿಯೂ ಎಂಜಿನಿಯರಿಂಗೂ ಒಂದೇ ತೀರ್ಪು ಕೊಟ್ಟದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

"ಹಾಗಾದರೆ ಒಳಗೇ ಇಡೋಣ" ಎಂದ ಮಗ. ಬೀದಿ ತುಳಿದ ಚಕ್ರ ವೆಂಕಟರಮಣನ ಎದುರಿಗೆ ನಿಲ್ಲುವುದೇ? ಆ ಮಾತು ಅಲ್ಲಿಗೇ ಮುಗಿಯಿತು.

ಆಗ ಉಳಿದ ದಾರಿಯೆಂದರೆ, ಟ್ರೇಲರಿನ ಅಡಿಯ ಚಾಸಿಗೇ ಬೋಲ್ಟ್ ಹಾಕಿ ಎರಡಿಂಚಿನ ಹಿಚ್ ಕೂರಿಸಿ, ಅದಕ್ಕೆ ಆರ್‌ವಿಯ ರ‍್ಯಾಕ್ ಸಿಕ್ಕಿಸುವುದು. ಸೈಕಲಿನ ಕಂಬಿ ಹಿಡಿದು ನೇತುಹಾಕುವ ಬಗೆಯದಲ್ಲ, ಚಕ್ರಗಳನ್ನು ತಟ್ಟೆಯ ಮೇಲೆ ನಿಲ್ಲಿಸುವ ಬಗೆಯದು. ಲೇಡೀಸ್ ಸೈಕಲಿಗೆ ಮೇಲಿನ ಕಂಬಿಯೇ ಇರುವುದಿಲ್ಲವಾದ್ದರಿಂದ ಇದೇ ವಾಸಿ. ಇವರು ಮೆಕ್ಯಾನಿಕ್ಕಿಗೆ ಫೋನು ಮಾಡಲು ಹೊರಟಾಗ, ಅಲ್ಲಿಯವರೆಗೆ ಬೆನ್ನ ಹಿಂದೆ ಕೈಕಟ್ಟಿಕೊಂಡು ಟ್ರೇಲರಿಗೆ ಪ್ರದಕ್ಷಿಣೆ ಹಾಕುತ್ತಿದ್ದ ಮಾವ ಬಾಯಿಬಿಟ್ಟರು.

"ಹಿಂಭಾರ ಆಗ್ತದೆ ಕಣೋ."

ಮಾವ ಪ್ರಾಯದಲ್ಲಿ ತಿಪಟೂರಿನ ಮಂಡಿಗೆ ಕೊಬ್ಬರಿ ಮೂಟೆ ಹೇರಿಕೊಂಡು ಗಾಡಿ ಹೊಡೆದವರು. ಮೂಟೆ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲು ಹುಣ್ಣು ಮಾಡುತ್ತದೆ; ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಹಿಂಭಾರದ ಗಾಡಿ ಇಳಿಜಾರಿನಲ್ಲಿ ಎತ್ತಿನ ಮಾತು ಕೇಳುವುದಿಲ್ಲ ಎಂದರು.

"ಅಪ್ಪಾ, ಇದು ಎತ್ತಿನ ಗಾಡಿ ಅಲ್ಲ" ಎಂದು ಇವರು ಎಕ್ಸೆಲ್ ತೆರೆದರು. 5,000 ಪೌಂಡಿನ ಟ್ರೇಲರು. ಅದರ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಭಾರ ಟ್ರಕ್ಕಿನ ಕೊಂಡಿಯ ಮೇಲೆ ಕೂತಿರಬೇಕು. ನಮ್ಮದು 550 ಕೂತಿತ್ತು. ರ‍್ಯಾಕು, ನಾಲ್ಕು ಸೈಕಲ್ಲು ಸೇರಿ 200 ಪೌಂಡ್ ಚಿಲ್ಲರೆ. ಅದು ಅಚ್ಚಿನಿಂದ ಹತ್ತು ಅಡಿ ಹಿಂದೆ, ಕೊಂಡಿ ಹದಿನಾಲ್ಕು ಅಡಿ ಮುಂದೆ. ಇವರು ಒಂದು ಗುಂಡಿ ಒತ್ತಿದರು, ಕೊಂಡಿಯ ಭಾರ ಸುಮಾರು 150 ಪೌಂಡ್ ಇಳಿದು 400ಕ್ಕೆ ಬಂತು. ನೂರಕ್ಕೆ ಎಂಟೂ ಇಲ್ಲ. ಇಷ್ಟಾದರೆ ಗಾಳಿಗೆ ಟ್ರೇಲರು ಬಾಲ ಬೀಸತೊಡಗುತ್ತದೆ. ಒಮ್ಮೆ ಬೀಸಿದರೆ ಟ್ರಕ್ಕನ್ನೇ ಅಡ್ಡ ತಿರುಗಿಸಿಬಿಡಬಲ್ಲದು. ಇವರು ಕಾಲಂ ಬದಲಿಸಿ ಮತ್ತೆ ಲೆಕ್ಕ ಹಾಕಿದರು. ಅದೇ ಬಂತು. ಮಾವ ಅಷ್ಟು ಹೊತ್ತಿಗೆ ಎಲೆಯಡಿಕೆ ಮುಗಿಸಿದ್ದರು.

ಮುಂದಿನ ಯಜಮಾನಿಕೆ ಮಾವನದೇ ಆಯಿತು. ಟ್ರಕ್ಕಿನಲ್ಲಿದ್ದ ಅಕ್ಕಿ ಮೂಟೆ, ಕೂಲರು, ಒಲೆ ಎಲ್ಲ ಟ್ರೇಲರಿಗೆ ಬಂದು ಅಚ್ಚಿನ ಮೇಲೆ, ಒಂದಿಷ್ಟು ಮುಂದಕ್ಕೆ ಕೂತವು. ಸಿಲಿಂಡರು ಹೊರಗೆ, ಮೂಕಿಯ ಮೇಲೆ ಅದಕ್ಕೆಂದೇ ಇರುವ ಜಾಗಕ್ಕೆ ಹೋಯಿತು. ಖಾಲಿಯಾದ ಟ್ರಕ್ಕಿನ ತೊಟ್ಟಿಯಲ್ಲಿ ಹಳೆಯ ಜಮಖಾನ ಹಾಸಿ ಸೈಕಲುಗಳನ್ನು ಒಂದು ಬಿಟ್ಟು ಒಂದು ತಿರುವಿ ನಿಲ್ಲಿಸಿದರು. ಬ್ಯಾಟರಿ, ನೀರಿನ ಬಾಟಲಿ, ಗಾಳಿ ಪಂಪು ಎಲ್ಲ ಮೊದಲೇ ಬಿಚ್ಚಿಟ್ಟಾಗಿತ್ತು. ರಬ್ಬರಿನ ಕೊಕ್ಕೆಹಗ್ಗ ತಂದ ಇವರನ್ನು, "ಎಳೆದ್ರೆ ಉದ್ದ ಆಗೋದು ಹಗ್ಗ ಏನೋ?" ಎಂದು ಗದರಿ, ಬಕಲ್ ಇರುವ ಪಟ್ಟಿ ತರಿಸಿ ಬಿಗಿದರು. ತಿರುವಿನಲ್ಲಿ ಸೈಕಲಿನ ಹ್ಯಾಂಡಲ್ ಟ್ರೇಲರಿನ ಮೂತಿಗೆ ತಗಲುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಗಾಡಿಯನ್ನು ಬೀದಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿದ್ದಾಯಿತು. ಎದುರು ಮನೆಯ ಅಮೆರಿಕನ್ ಅಜ್ಜ ಕುರ್ಚಿ ತಂದು ಹಾಕಿಕೊಂಡು ಕೂತ.

ಹೊರಡುವಾಗ ಮಾವ ಟ್ರೇಲರಿನೊಳಗೆ ಹಾಸಿಗೆ ಬಿಡಿಸಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಟ್ರೇಲರು ಓಡುತ್ತಿರುವಾಗ ಒಳಗೆ ಯಾರೂ ಇರುವಂತಿಲ್ಲ ಎಂದು ಎಬ್ಬಿಸಬೇಕಾಯಿತು. "ಮನೆ ಅಂತೀರಿ, ಮಲಗಬೇಡಿ ಅಂತೀರಿ" ಎಂದು ಗೊಣಗುತ್ತ ಮುಂದೆ ಬಂದು ಕೂತರು. ಟ್ರೇಲರ್ ಎಳೆಯುವವರಿಗೆ ಇಲ್ಲಿ ವೇಗದ ಮಿತಿ 55 ಮೈಲಿ. ಎಲ್ಲರೂ ನಮ್ಮನ್ನು ಹಿಂದೆ ಹಾಕಿದರು. ಒಬ್ಬ ಮುದುಕಿ ಕೈಬೀಸಿದಳು.

ಆಲ್ಟಮಾಂಟ್ ಕಣಿವೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಲ್ಲಿ ಬೀಸಿದ ಅಡ್ಡಗಾಳಿಗೆ ಇವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡರು, ಟ್ರೇಲರು ಮಾತ್ರ ನೆಟ್ಟಗೆ ಬಂತು. ನಮ್ಮನ್ನು ದಾಟಿಹೋದ ಮೋಟರ್‌ಹೋಮೊಂದರ ಬೆನ್ನಿಗೆ ನಾಲ್ಕು ಸೈಕಲ್ಲು, ಮೇಲೆ ನೀಲಿ ಹೊದಿಕೆ. ಹೊದಿಕೆಯೊಳಗೆ ಗಾಳಿ ತುಂಬಿ, ಅಷ್ಟನ್ನೂ ಎಳೆದೆಳೆದು ಒಗೆಯುತ್ತಿತ್ತು. ಓಕ್‌ಡೇಲ್ ದಾಟಿದ ಮೇಲೆ ಅದೇ ಮೋಟರ್‌ಹೋಮ್ ರಸ್ತೆಬದಿಗೆ ನಿಂತಿತ್ತು. ರ‍್ಯಾಕು ಜೋತುಬಿದ್ದು, ಒಂದು ಚಕ್ರದ ಟೈರು ರಸ್ತೆಗೆ ಉಜ್ಜಿ ಅರ್ಧ ಮಾಯವಾಗಿತ್ತು. ಗಂಡ ಹೆಂಡತಿ ಮಾತಾಡದೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಯಾವ ದೇಶದವರಾದರೇನು, ಆ ನಿಲುವು ನನಗೆ ಚೆನ್ನಾಗಿ ಗೊತ್ತು.

ಮಾವ ಮೊದಲ ಹದಿನೈದು ಮೈಲಿಗೇ ಗಾಡಿ ನಿಲ್ಲಿಸಿ ಪಟ್ಟಿಗಳನ್ನು ಎಳೆದು ನೋಡಿದ್ದರು. ಎರಡು ಸಡಿಲವಾಗಿದ್ದವು. ಹೊಸದಾಗಿ ಬಿಗಿದ ಪಟ್ಟಿ ಮೊದಲ ಅಲುಗಾಟಕ್ಕೆ ಸಡಿಲವಾಗಿಯೇ ಆಗುತ್ತದೆ. ಆಮೇಲೆ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇದೇ ಪೂಜೆ. ಪ್ರೀಸ್ಟ್ ಗ್ರೇಡ್ ಎಂಬ ಬೆಟ್ಟದ ಏರಿನಲ್ಲಿ ಹಳೆಯ ದಾರಿ ಎರಡು ಮೂರು ಮೈಲಿ, ಹೊಸದು ಸುತ್ತು. ಫೋನಿನ ಹೆಂಗಸು ಹಳೆಯದನ್ನೇ ಹಿಡಿ ಎಂದು ಪೀಡಿಸಿದಳು. ಅದು ಗೋಡೆ ಏರಿದಷ್ಟು ಕಡಿದು, ಟ್ರೇಲರಿಗೆ ಸಲ್ಲದು. ನಾವು ಸುತ್ತಿನಲ್ಲೇ ಹತ್ತಿದೆವು.

ಬಿಡಾರ ಮುಟ್ಟಿದ ಕೂಡಲೇ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಹಾರಿದರು. ಈ ರಾಜ್ಯದಲ್ಲಿ 18 ತುಂಬದವರಿಗೆ ಅದು ಕಡ್ಡಾಯ. ಇವರು ತಮ್ಮ ಸೈಕಲಿನ ಬ್ಯಾಟರಿ ಹುಡುಕಿದರು. ಬಿಚ್ಚಿಟ್ಟದ್ದು ನೆನಪಿತ್ತು, ತಂದದ್ದು ನೆನಪಿರಲಿಲ್ಲ. ಅದು ಮನೆಯ ಗ್ಯಾರೇಜಿನಲ್ಲಿ ಚಾರ್ಜ್ ಆಗುತ್ತ ಕೂತಿತ್ತು. ಮೂವತ್ತು ಕಿಲೋದ ಸೈಕಲನ್ನು ತುಳಿದು ನಮ್ಮನೆಯವರು ಡಾಕ್ಟರು ಹೇಳಿದ ವ್ಯಾಯಾಮವನ್ನು ಕೊನೆಗೂ ಮಾಡಿದರು.

ಈ ಬೇಸಿಗೆ ನೀವೂ ಹೊರಡುವವರಿದ್ದರೆ, ಗೆಳೆಯರಿಗೆ ನಿಪ್ಪಟ್ಟು ಕೊಡುವ ಮೊದಲು ರ‍್ಯಾಕಿನ ಪುಸ್ತಕದ ಕೊನೆಯ ಪುಟ ಓದಿ. ಅಲ್ಲಿ ಆರ್‌ವಿಗೆ ಆಗುತ್ತದೆ ಎಂದು ಬರೆದಿಲ್ಲದಿದ್ದರೆ, ಟ್ರಕ್ಕಿನಲ್ಲೂ ಜಾಗವಿಲ್ಲದಿದ್ದರೆ, ಸೈಕಲುಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಯೊಸೆಮಿಟಿಯ ಕರಿ ವಿಲೇಜಿನಲ್ಲಿ ಬಾಡಿಗೆಗೆ ಸಿಗುತ್ತವೆ, ಹೆಲ್ಮೆಟ್ಟನ್ನೂ ಅವರೇ ಕೊಡುತ್ತಾರೆ.