ಪಿಕಪ್ಪಿನ ನಮಸ್ಕಾರ

ಲೋಡ್ ಗಾಡಿ ಹಿಂದೆ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಮೂತಿ ಕೂತಿತೋ, ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ತಿಪಟೂರಿನ ಕಡೆ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿರುವ ನಮ್ಮ ಷಡ್ಡಕರ ಪಿಕಪ್ಪು ಎದುರು ಬಂದವರಿಗೆಲ್ಲ ತಲೆಬಾಗಿ ನಮಸ್ಕಾರ ಹಾಕತೊಡಗಿದಾಗ ಆದದ್ದೂ ಅದೇ. ಟೀ ಅಂಗಡಿಯವನು "ಶಾಕ್ ಅಬ್ಸಾರ್ಬರ್ ಹೋಗಿದೆ" ಎಂದ. ಪಂಕ್ಚರ್ ಅಂಗಡಿಯವನು "ಗಾಳಿ ಜಾಸ್ತಿ ಹೊಡೆಸಿ" ಎಂದ. ಅತ್ತೆಯವರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗಾಡಿಗಾಗಲಿ ಜೇಬಿಗಾಗಲಿ ಹೊರೆಯಾಗದ ಚಿಕಿತ್ಸೆ ಅದೊಂದೇ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ; ಗಾಡಿಯ ಕುಣಿತ ನಿಲ್ಲಿಸುವುದಷ್ಟೇ ಅದರ ಕೆಲಸ. ಹೊರುವುದು ಕಮಾನಿನಂತೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪ್ಲೇಟುಗಳು. ಭಾರ ಹೆಚ್ಚಿದಷ್ಟೂ ಸ್ಪ್ರಿಂಗು ಬಗ್ಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲೇ ಅಚ್ಚು ಹಾಕಿಸಿದ್ದಾನೆ. ಈ ನಿಯಮದಲ್ಲಿ ನಮ್ಮ ಷಡ್ಡಕರಿಗೆ ಒಪ್ಪಿಗೆಯಾದದ್ದು 'ಭಾರ ಹೆಚ್ಚಿದಷ್ಟೂ' ಎಂಬಲ್ಲಿಯವರೆಗೆ ಮಾತ್ರ.

ಕೊನೆಗೆ ಪ್ಲೇಟ್ ಕೆಲಸದ ಮೇಸ್ತ್ರಿಯ ಬಳಿ ಹೋದೆವು. ಆತ ಏನೂ ಕೇಳಲಿಲ್ಲ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಗೇಣು ಹಾಕಿದ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಜಾಕ್ ಕೊಟ್ಟು ಯು-ಬೋಲ್ಟ್ ಬಿಚ್ಚಿದಾಗ ಪ್ಲೇಟುಗಳ ಸಂದಿಯಿಂದ ಗಟ್ಟಿಯಾದ ಕೆಮ್ಮಣ್ಣು, ತುಕ್ಕಿನ ಹೊಟ್ಟು ಉದುರಿದವು. ದೊಡ್ಡ ಪ್ಲೇಟನ್ನು ನೆಲದ ಮೇಲಿಟ್ಟು ತೋರಿಸಿದ. ಕಮಾನು ಹೋಗಿ ಅದು ಚಪ್ಪಟೆಯಾಗಿ ಮಲಗಿತ್ತು.

"ಬಡಿದು ಬಗ್ಗಿಸಿಕೊಡಪ್ಪ, ಸಾಕು" ಎಂದರು ಷಡ್ಡಕರು.

"ಬರೀ ಸುತ್ತಿಗೇಲಿ ಬಗ್ಗಿಸಿದ್ದು ನಿಲ್ಲಲ್ಲ ಸ್ವಾಮಿ. ಎರಡೂ ಕಡೆ ಹೊಸಾದೇ ಹಾಕ್ಸಿ. ಅದಿರಲಿ, ಸಿಮೆಂಟು ಎಲ್ಲಿ ಪೇರಿಸ್ತೀರ?"

ಷಡ್ಡಕರು ಹೆಮ್ಮೆಯಿಂದ ಕ್ಯಾಬಿನ್ನಿನ ಬೆನ್ನು ತಟ್ಟಿದರು. ಬ್ರೇಕು ಹೊಡೆದಾಗ ಜಾರಬಾರದೆಂದು ಮೂಟೆಗಳೆಲ್ಲ ಅಲ್ಲಿಗೇ ಒತ್ತಿ ನಿಲ್ಲುತ್ತವೆ. ಅಂಗಡಿ ಬಿಲ್ಲಿನ ಹಿಂದೆ ನಾನು ಲೆಕ್ಕ ಹಾಕಿದೆ. 50 ಕೆಜಿಯ 40 ಮೂಟೆ ಎಂದರೆ ಎರಡು ಟನ್ನು. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಮೂರು ಮೀಟರ್ ದೂರವಿದ್ದು, ಲೋಡಿನ ನಡುಭಾಗ ಹಿಂದಿನ ಆಕ್ಸಲ್ಲಿಗಿಂತ ಒಂದು ಮೀಟರ್ ಮುಂದಿದ್ದರೆ, ಮೂರರಲ್ಲೊಂದು ಪಾಲು, ಸುಮಾರು 667 ಕೆಜಿ, ಮೂತಿಯ ಮೇಲೆ. ಅದೇ ಲೋಡನ್ನು 70 ಸೆಂಟಿಮೀಟರ್ ಹಿಂದೆ ಸರಿಸಿದರೆ ಮೂತಿಗೆ ಬರುವುದು 200 ಕೆಜಿ.

"ಹಂಗಾದ್ರೆ ಪೂರ್ತಿ ಹಿಂದಕ್ಕೇ ಹಾಕಿಬಿಡೋಣ ಅಣ್ಣಾ!"

"ಆಗ ಮುಂದಿನ ಚಕ್ರ ಹಗುರಾಗುತ್ತೆ. ಸ್ಟೇರಿಂಗ್ ನೀವು ತಿರುಗಿಸ್ತೀರ, ಗಾಡಿ ತಿರುಗಲ್ಲ."

ಮೇಸ್ತ್ರಿಯ ಕಣ್ಣು ಆಗಲೇ ಬಂಪರಿನ ಮುಂದಿನ ಕಬ್ಬಿಣದ ಗಾರ್ಡಿನ ಮೇಲಿತ್ತು. 60 ಕೆಜಿಯ ಗಾರ್ಡು ಆಕ್ಸಲ್ಲಿನಿಂದ ಮುಕ್ಕಾಲು ಮೀಟರ್ ಮುಂದೆ ನೇತಾಡಿದರೆ ಆಕ್ಸಲ್ಲಿಗೆ ಅದು 75 ಕೆಜಿ. ಇಂಥ ಗಾರ್ಡುಗಳನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ ಎಂದೆ. "ಅದರ ಮೇಲೆ ಮನೆದೇವರ ಹೆಸರು ಬರೆಸಿದೀನಿ" ಎಂದರು ಷಡ್ಡಕರು. ಸಚಿವಾಲಯದ ಬಾಯಿ ಮುಚ್ಚಿತು.

"ಇನ್ನೂ ಒಂದು ಪ್ಲೇಟು ಜಾಸ್ತಿ ಹಾಕಪ್ಪ" ಎಂದೂ ಹೇಳಿದರು. ಮೇಸ್ತ್ರಿ ಹಾಕಿದ. ಮೂತಿ ಎದ್ದಿತು. ಲೋಡಿದ್ದಾಗ ಗಾಡಿ ಗಂಭೀರ. ಖಾಲಿ ಬರುವಾಗ ಮಾತ್ರ ಪ್ರತಿ ಹಂಪಿಗೂ ಷಡ್ಡಕರ ನೆತ್ತಿ ಕ್ಯಾಬಿನ್ನಿನ ಸೂರು ಮುಟ್ಟಿ ಬರುತ್ತಿತ್ತು. ಪ್ಲೇಟು ಹೆಚ್ಚಿದರೆ ಸ್ಪ್ರಿಂಗು ಬಿಗಿಯಾಗುತ್ತದೆಯೇ ಹೊರತು ಆರ್‌ಸಿ ಪುಸ್ತಕದ ತೂಕ ಹೆಚ್ಚುವುದಿಲ್ಲ, ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000 ಎಂದು 2019ರ ತಿದ್ದುಪಡಿ ಹೇಳುತ್ತದೆ ಎಂದೆ. ಅವರು ನೆತ್ತಿ ಸವರಿಕೊಂಡರು.

ಬೀಳ್ಕೊಡುವಾಗ ಮೇಸ್ತ್ರಿ ಸೀಮೆಸುಣ್ಣ ತೆಗೆದು, ಕ್ಯಾಬಿನ್ನಿನಿಂದ ಎರಡೂವರೆ ಅಡಿ ಹಿಂದೆ, ತೊಟ್ಟಿಯ ತಳಕ್ಕೆ ಒಂದು ಗೆರೆ ಎಳೆದ. "ಮೂಟೆ ಇಲ್ಲಿಂದ ಶುರು. ಹಗ್ಗ ಬಿಗಿಯಾಗಿ ಕಟ್ಟಿ."

ಷಡ್ಡಕರು ಮಾತು ಕೊಟ್ಟರು, ನಡೆದುಕೊಂಡರು ಕೂಡ. ಸಿಮೆಂಟಿನ ಒಂದು ಮೂಟೆಯೂ ಗೆರೆ ದಾಟಲಿಲ್ಲ. ಆದರೆ ಲೋಡ್ ಗಾಡಿಯಲ್ಲಿ ಎರಡೂವರೆ ಅಡಿ ಖಾಲಿ ಬಿಡುವುದು ಯಾವ ವ್ಯಾಪಾರಸ್ಥನಿಂದಾದೀತು? ಅಲ್ಲಿ ಈಗ ಪುಟ್ಟಿ ಮೂಟೆ, ಪೇಂಟಿನ ಡಬ್ಬ. ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನಂತೆ. ನಮ್ಮ ಷಡ್ಡಕರು ಇರುವವರೆಗೆ ಅವನ ಫೀಸಿಗೆ ತೊಂದರೆಯಿಲ್ಲ.